ರಸ್ತೆಗೆ ಕೇಳುವವರಿದ್ದಾರೆ, ಶಾಲೆಗೆ ಯಾರು?

(ಮುಂಬಯಿಯ ಫೋರ್ಟ್‌ನಲ್ಲಿ ನೆರೆದ ಕನ್ನಡ ಶ್ರಾವಕ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಸಮಾಜ ಮತ್ತು ಸಾರ್ವಜನಿಕ ಆಸ್ತಿ ಎಂಬ ವಿಷಯವಾಗಿ ಮಾತನಾಡಬೇಕೆಂದು ತಾವು ಆಜ್ಞಾಪಿಸಿದ್ದೀರಿ. ವಿಷಯದ ವ್ಯಾಪ್ತಿ ದೊಡ್ಡದು. ಅದನ್ನು ಒಂದು ರಸ್ತೆಗೂ ಒಂದು ಶಾಲೆಯ ನಿವೇಶನಕ್ಕೂ ಸೀಮಿತಗೊಳಿಸಿಕೊಂಡು ನಾಲ್ಕು ಮಾತು ಹೇಳುತ್ತೇನೆ. ನಾನು ವಿದ್ವಾಂಸನಲ್ಲ, ಲೆಕ್ಕಪರಿಶೋಧಕ. ಆದ್ದರಿಂದ ಮಾತಿನಲ್ಲಿ ಲೆಕ್ಕದ ವಾಸನೆ ಬಂದರೆ ಮನ್ನಿಸಬೇಕು.

ನಾವು ಕುಳಿತಿರುವ ಈ ಪ್ರದೇಶದ ಹೆಸರೇ ಕೋಟೆ. ಆದರೆ ಇಲ್ಲಿ ಕೋಟೆಯ ಗೋಡೆ ಇಲ್ಲ. 1860ರ ದಶಕದಲ್ಲಿ, ಗವರ್ನರ್ ಬಾರ್ಟಲ್ ಫ್ರೇರ್ ಅವರ ಕಾಲದಲ್ಲಿ, ಅದನ್ನು ಕೆಡವಿ ನೆಲವನ್ನು ಬಿಡುಗಡೆ ಮಾಡಿದರು. ಹಾಗೆ ತೆರವಾದ ಪ್ರದೇಶದಲ್ಲಿ ಅಗಲವಾದ ರಸ್ತೆಗಳೂ ಬಂದವು, ವಿಶ್ವವಿದ್ಯಾಲಯದ ಭವನಗಳೂ ಎದ್ದವು. ರಸ್ತೆಯ ನೆಪದಲ್ಲಿ ವಿದ್ಯೆಯ ನೆಲವನ್ನು ಕಸಿಯಲಿಲ್ಲ. ಓವಲ್ ಮೈದಾನದ ಅಂಚಿನಲ್ಲಿ ನಿಂತು ತಲೆಯೆತ್ತಿದರೆ ಕಾಣುವ ರಾಜಾಬಾಯಿ ಗೋಪುರವೂ ಅದರ ಕೆಳಗಿನ ಗ್ರಂಥಾಲಯವೂ ಒಬ್ಬ ಜೈನ ವರ್ತಕನ ಕೊಡುಗೆ. ಹತ್ತಿಯ ವ್ಯಾಪಾರದಲ್ಲಿಯೂ ಷೇರುಗಳಲ್ಲಿಯೂ ಅಪಾರವಾಗಿ ಗಳಿಸಿದ ಪ್ರೇಮಚಂದ್ ರಾಯ್‌ಚಂದ್, 1864ರಲ್ಲಿ ಗ್ರಂಥಾಲಯಕ್ಕೆಂದು ಎರಡು ಲಕ್ಷ ರೂಪಾಯಿ ಕೊಟ್ಟರು. ಗೋಪುರಕ್ಕೆ ಮತ್ತೆ ಎರಡು ಲಕ್ಷ ಕೊಟ್ಟು ಅದಕ್ಕೆ ತಮ್ಮ ತಾಯಿಯ ಹೆಸರಿಡಿಸಿದರು. 1865ರ ಕುಸಿತದಲ್ಲಿ ಅವರ ಸಂಪತ್ತಿನ ಬಹುಭಾಗ ಕರಗಿಹೋಯಿತು. 1878ರಲ್ಲಿ ಪೂರ್ಣಗೊಂಡ ಗೋಪುರ ಮಾತ್ರ ಇಂದಿಗೂ ನಿಂತಿದೆ. ವಿದ್ಯೆಗೆ ಕೊಟ್ಟದ್ದಷ್ಟೇ ಉಳಿಯಿತು ಎಂದು ನನ್ನಂಥ ಲೆಕ್ಕಿಗನೂ ಒಪ್ಪಬೇಕಾಗುತ್ತದೆ.

ಇನ್ನು ನನ್ನ ತಪ್ಪಿನ ಕಥೆ. ಮುಂಬಯಿಯ ಹೊರಗಿನ ಒಂದು ಪುಟ್ಟ ಊರು. ಹೆಸರು ಬೇಡ. ಸುಮಾರು ಹನ್ನೆರಡು ವರ್ಷಗಳ ಹಿಂದೆ ಅಲ್ಲಿ ಹೊಸ ರಸ್ತೆಯ ವಿವಾದ ಎದ್ದಿತು. ಊರಿನ ಅಭಿವೃದ್ಧಿ ಯೋಜನೆಯಲ್ಲಿ ಶಾಲೆಗೆಂದು ಒಂದು ಜಾಗ ಗುರುತಾಗಿತ್ತು. ರಸ್ತೆಯ ಗೆರೆ ಅದನ್ನು ಬಳಸಿಕೊಂಡು ಹೋಗುತ್ತಿತ್ತು. ಪೇಟೆಯವರು ರಸ್ತೆ ನೇರವಾಗಬೇಕೆಂದರು. ನೇರವಾದರೆ ಶಾಲೆಯ ಜಾಗದ ಒಂದು ಪಾಲು ರಸ್ತೆಗೆ ಹೋಗುತ್ತಿತ್ತು. ಹಿಂಬದಿಯ ವಸತಿಯವರು ಗೆರೆ ಇದ್ದಂತೆಯೇ ಇರಲಿ ಎಂದರು. ನಮ್ಮ ಸಮಾಜದವರು ಪೇಟೆಯವರ ಮನವಿಗೆ ಒಟ್ಟಾಗಿ ಸಹಿ ಹಾಕಿದರು. ರಸ್ತೆ ನೇರವಾದರೆ ಯಾವ ಜಾಗದ ಬೆಲೆ ಎಷ್ಟು ಏರುತ್ತದೆ ಎಂಬ ತಖ್ತೆಯನ್ನು ಸಿದ್ಧಪಡಿಸಿಕೊಟ್ಟವನು ನಾನು.

ರಸ್ತೆ ನೇರವಾಯಿತು. ಉಳಿದ ಜಾಗಕ್ಕೆ ಅದರ ಒಡೆಯರು ಖರೀದಿ ನೋಟಿಸ್ ಕೊಟ್ಟರು. ಅವರೂ ನಮ್ಮವರೇ. ಪುರಸಭೆಯಲ್ಲಿ ರಸ್ತೆಗೆ ಹಣವಿತ್ತು, ಶಾಲೆಯ ಜಾಗ ಕೊಳ್ಳಲು ಇರಲಿಲ್ಲ. ಅಂದಿನ ಕಾನೂನು ನೀಡಿದ್ದ ಒಂದು ವರ್ಷದ ಗಡುವು ಸದ್ದಿಲ್ಲದೆ ಮುಗಿಯಿತು, ಮೀಸಲು ರದ್ದಾಯಿತು. ಮಾರಾಟದ ಮೇಲಿನ ತೆರಿಗೆಯ ಲೆಕ್ಕವನ್ನೂ ನಾನೇ ಮಾಡಿದೆ. ಲೆಕ್ಕ ಸರಿಯಾಗಿತ್ತು, ಕಾನೂನೂ ಸರಿಯಾಗಿತ್ತು. ಇಂದು ಅಲ್ಲಿ ವಸತಿ ಸಮುಚ್ಚಯವಿದೆ. ಹಿಂಬದಿಯ ವಸತಿಯ ಮಕ್ಕಳು ಅದೇ ರಸ್ತೆಯನ್ನು ದಾಟಿಕೊಂಡು ದೂರದ ಹಳೆಯ ಶಾಲೆಗೆ ಹೋಗುತ್ತಾರೆ. ಕಳೆದ ಮಳೆಗಾಲದಲ್ಲಿ ಆ ಊರಿಗೆ ಹೋಗಿದ್ದಾಗ, ಲಾರಿಗಳ ನಡುವೆ ಚೀಲವನ್ನು ತಲೆಯ ಮೇಲಿಟ್ಟುಕೊಂಡು ಓಡುತ್ತಿದ್ದ ಮಕ್ಕಳನ್ನು ಕಂಡೆ. ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ.

ಇದು ಹೇಗೆ ನಡೆಯುತ್ತದೆ ಎಂಬುದನ್ನು ತಾವು ತಿಳಿದಿರಬೇಕು. ಮಹಾರಾಷ್ಟ್ರದ 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯಿದೆಯ 127ನೆಯ ಕಲಮಿನ ಪ್ರಕಾರ, ಯೋಜನೆ ಜಾರಿಗೆ ಬಂದ ಹತ್ತು ವರ್ಷಗಳೊಳಗೆ ಮೀಸಲು ಭೂಮಿಯನ್ನು ಸ್ವಾಧೀನಕ್ಕೆ ಪಡೆಯದಿದ್ದರೆ ಒಡೆಯನು ನೋಟಿಸ್ ಕೊಡಬಹುದು. ಈಗಿನ ನಿಯಮದಂತೆ 24 ತಿಂಗಳೊಳಗೆ ಸ್ವಾಧೀನವಾಗಲಿಲ್ಲ, ಅದರ ಕ್ರಮವೂ ಆರಂಭವಾಗಲಿಲ್ಲ ಎಂದಾದರೆ ಮೀಸಲು ತಾನಾಗಿ ಬಿದ್ದುಹೋಗುತ್ತದೆ. ಕರ್ನಾಟಕದ 1961ರ ಕಾಯಿದೆಯ 69ನೆಯ ಕಲಮಿನಲ್ಲಿ ಇಂಥದ್ದೇ ಅವಧಿ ಐದು ವರ್ಷ.

ಇದು ಅನ್ಯಾಯದ ಕಾನೂನೆಂದು ನಾನು ಹೇಳುವುದಿಲ್ಲ. ಒಬ್ಬನ ಭೂಮಿಯ ಮೇಲೆ ಗೆರೆ ಎಳೆದು, ಹಣವನ್ನೂ ಕೊಡದೆ, ಮೂವತ್ತು ವರ್ಷ ಅದನ್ನು ಕಟ್ಟಿಹಾಕುವುದು ಯಾವ ಧರ್ಮ? ರಸ್ತೆ ಬೇಕೆಂದ ಪೇಟೆಯವರ ಮಾತಿನಲ್ಲಿಯೂ ಹುರುಳಿತ್ತು. ಸರಕು ಬರಬೇಕು, ಆಂಬುಲೆನ್ಸ್ ಓಡಬೇಕು. ಅನೇಕಾಂತವನ್ನು ನಂಬುವ ನಾವು ಎದುರಿನವನ ಮಾತಿನ ಸತ್ಯಾಂಶವನ್ನು ಕಾಣಲೇಬೇಕು. ಆದರೆ ಕಾನೂನು ಎರಡಕ್ಕೂ ಒಂದೇ ಆದರೂ ಬಲ ಒಂದೇ ಅಲ್ಲ. ರಸ್ತೆಯಿಂದ ಯಾರಿಗೆ ಲಾಭವೋ ಅವರು ಇಂದೇ ಇದ್ದಾರೆ, ಅವರಿಗೆ ವಕೀಲರಿದ್ದಾರೆ, ನನ್ನಂಥವರೂ ಇದ್ದಾರೆ. ಶಾಲೆಯ ಲಾಭ ಪಡೆಯುವವರಿಗೆ ಆರು ವರ್ಷ ವಯಸ್ಸು. ಅವರು ಆಕ್ಷೇಪಣೆಯ ಅರ್ಜಿ ಸಲ್ಲಿಸಲಾರರು. ಅವರ ಪರವಾಗಿ ಬೇರೆ ಯಾರಾದರೂ ಮಾತನಾಡದಿದ್ದರೆ ಗಡುವು ಮುಗಿಯುತ್ತದೆ.

ಮಾತನಾಡಿದರೆ ಪ್ರಯೋಜನವುಂಟೆ? ಉಂಟು. ಮುಂಬಯಿಯ ಅಭಿವೃದ್ಧಿ ಯೋಜನೆಯ ಕರಡು 2015ರ ಫೆಬ್ರವರಿಯಲ್ಲಿ ಪ್ರಕಟವಾದಾಗ, ಇರುವ ಕಟ್ಟಡಗಳ ಮೇಲೆಯೇ ರಸ್ತೆಯ ಗೆರೆಗಳು ಹಾದುಹೋಗಿದ್ದವು. ಜನ ನಕಾಶೆ ಹಿಡಿದು ತಮ್ಮ ತಮ್ಮ ಬೀದಿಯನ್ನು ಪರೀಕ್ಷಿಸಿದರು, ಸಾವಿರಾರು ಆಕ್ಷೇಪಣೆಗಳನ್ನು ಸಲ್ಲಿಸಿದರು. ಎರಡೇ ತಿಂಗಳಲ್ಲಿ ಮುಖ್ಯಮಂತ್ರಿ ದೇವೇಂದ್ರ ಫಡ್ನವಿಸ್ ಆ ಕರಡನ್ನು ತಡೆದು, ಹೊಸದಾಗಿ ಸಿದ್ಧಪಡಿಸುವಂತೆ ಆದೇಶಿಸಬೇಕಾಯಿತು. ಪರಿಷ್ಕೃತ ಕರಡು 2016ರಲ್ಲಿ ಬಂದಿತು.

ಬೆಂಗಳೂರಿನ ನಿದರ್ಶನ ಇದಕ್ಕಿಂತ ಹಳೆಯದು. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಾಗಿದ್ದ ಜಾಗವನ್ನು ಸರ್ಕಾರದ ಸೂಚನೆಯಂತೆ ಖಾಸಗಿ ಆಸ್ಪತ್ರೆಗೆ ಹಂಚಲಾಗಿತ್ತು. ನೆರೆಹೊರೆಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿವಾಸಿಗಳ ಪರವಾಗಿ ತೀರ್ಪು ಕೊಟ್ಟಿತು. ಆಸ್ಪತ್ರೆ ಒಳ್ಳೆಯದೇ ಇರಬಹುದು, ಆದರೆ ಉದ್ಯಾನದ ಜಾಗದಲ್ಲಿ ಅಧಿಕಾರಸ್ಥರ ಇಚ್ಛೆಯಂತೆ ಅದನ್ನು ಕಟ್ಟಲಾಗದು ಎಂಬುದು ಆ ತೀರ್ಪಿನ ಸಾರ. ನಿವಾಸಿಗಳಿಗೆ ಕೇಳುವ ಹಕ್ಕಿದೆ ಎಂಬುದನ್ನೂ ನ್ಯಾಯಾಲಯ ಎತ್ತಿಹಿಡಿಯಿತು.

ಈಗ ನಮ್ಮ ಸಮಾಜದ ಕಡೆಗೆ ಬರೋಣ. 2025ರ ಏಪ್ರಿಲ್‌ನಲ್ಲಿ ವಿಲೆ ಪಾರ್ಲೆಯ ದಿಗಂಬರ ಜಿನಾಲಯವನ್ನು ಪಾಲಿಕೆ ಕೆಡವಿದಾಗ ಸಾವಿರಾರು ಜನ ಬೀದಿಗಿಳಿದೆವು. ಆ ನೋವು ನನ್ನದೂ ಹೌದು. ಎಲ್ಲ ಪಕ್ಷಗಳ ನಾಯಕರೂ ನಮ್ಮ ಮಾತಿಗೆ ಕಿವಿಗೊಟ್ಟರು. ಸಂಖ್ಯೆಯಲ್ಲಿ ಸಣ್ಣದಾದರೂ ನಮ್ಮ ಸಮಾಜದ ದನಿ ಕೇಳಿಸುತ್ತದೆ ಎಂದು ಅಂದು ಸಿದ್ಧವಾಯಿತು. ನನ್ನ ಪ್ರಶ್ನೆ ಇಷ್ಟೇ. ಒಂದು ಶಾಲೆಯ ಜಾಗಕ್ಕಾಗಿ, ಅದೂ ನಮ್ಮ ಮಕ್ಕಳು ಓದದ ಶಾಲೆಯ ಜಾಗಕ್ಕಾಗಿ, ನಾವು ಎಂದಾದರೂ ಹೀಗೆ ಕೂಡಿದ್ದೇವೆಯೇ?

ನಮ್ಮ ಪರಂಪರೆ ಈ ಪ್ರಶ್ನೆಗೆ ಅಪರಿಚಿತವಲ್ಲ. ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವೂ ಒಂದು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. 1899ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಜೈನ ಸಭೆಯ ಹಿರಿಯರು ಊರೂರುಗಳಲ್ಲಿ ಬೋರ್ಡಿಂಗುಗಳನ್ನು ತೆರೆದರು. ಬೆಳಗಾವಿ, ಕೊಲ್ಹಾಪುರದ ಕಡೆಯ ನಮ್ಮ ಎಷ್ಟು ಮನೆಗಳು ಆ ಅನ್ನದಿಂದ ಓದಿ ಮೇಲೆ ಬಂದಿವೆ ಎಂಬುದು ಈ ಸಭೆಗೆ ಗೊತ್ತು.

ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರ ಹೇಳುತ್ತದೆ. ಕಳ್ಳತನಕ್ಕೆ ಪ್ರೇರಿಸುವುದು, ಕದ್ದದ್ದನ್ನು ಕೊಳ್ಳುವುದು, ರಾಜ್ಯದ ನಿಯಮ ಮೀರುವುದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಕಲಬೆರಕೆ ಮಾಡುವುದು. ಆ ಊರಿನಲ್ಲಿ ನಾನು ಯಾವ ನಿಯಮವನ್ನೂ ಮೀರಲಿಲ್ಲ. ಆದರೆ ನನ್ನ ತಖ್ತೆಯಲ್ಲಿ ಭೂಮಿಯ ಬೆಲೆಗೆ ಒಂದು ಅಂಕಣವಿತ್ತು, ಊರು ಕಳೆದುಕೊಳ್ಳುವ ಶಾಲೆಗೆ ಇರಲಿಲ್ಲ. ಅಳತೆಯಲ್ಲಿ ಕಡಿಮೆ ಮಾಡಿದ ದೋಷ ಇದೂ ಅಲ್ಲವೇ ಎಂದು ಪ್ರತಿಕ್ರಮಣಕ್ಕೆ ಕುಳಿತಾಗಲೆಲ್ಲ ಯೋಚಿಸುತ್ತೇನೆ.

ಇಷ್ಟನ್ನು ಹೇಳಿ ಎದ್ದುಹೋಗುವುದು ಸುಲಭ. ಆದ್ದರಿಂದ ಮೂರು ಸಲಹೆಗಳನ್ನು ತಮ್ಮ ಮುಂದಿಡುತ್ತೇನೆ.

ಮೊದಲನೆಯದು, ಮುಂಬಯಿಯ 2034ರ ಯೋಜನೆ ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 1ರಂದು. ಹತ್ತು ವರ್ಷ ತುಂಬುವುದು 2028ಕ್ಕೆ. ಅಷ್ಟರೊಳಗೆ ನಾವು ವಾಸಿಸುವ ಪ್ರತಿ ವಾರ್ಡಿನಲ್ಲಿ ಶಾಲೆಗೂ ಆಟದ ಮೈದಾನಕ್ಕೂ ಮೀಸಲಾದ ಜಾಗಗಳಾವುವು, ಅವುಗಳಲ್ಲಿ ಪಾಲಿಕೆಯ ಕೈಗೆ ಬಂದಿರುವುವು ಎಷ್ಟು ಎಂಬ ಪಟ್ಟಿಯನ್ನು ನಮ್ಮ ಯುವಕ ಯುವತಿಯರು ಸಿದ್ಧಪಡಿಸಲಿ. ಬೇಕಾದ ನೆರವನ್ನು ನನ್ನ ಕಚೇರಿ ಉಚಿತವಾಗಿ ಕೊಡುತ್ತದೆ.

ಎರಡನೆಯದು, ನಮ್ಮಲ್ಲಿ ಯಾರ ಭೂಮಿ ಶಾಲೆಗೆ ಮೀಸಲಾಗಿದೆಯೋ ಅವರು ಖರೀದಿ ನೋಟಿಸ್ ಕೊಡುವ ಮೊದಲು ಭೂಮಿಯನ್ನು ಒಪ್ಪಿಸಿ ಪ್ರತಿಯಾಗಿ ಅಭಿವೃದ್ಧಿ ಹಕ್ಕನ್ನು ಪಡೆಯುವ ದಾರಿಯನ್ನು ಪರಿಶೀಲಿಸಲಿ. ಕಾಯಿದೆಯ 126ನೆಯ ಕಲಮು ಅದಕ್ಕೆ ಅವಕಾಶ ಕೊಟ್ಟಿದೆ. ಒಡೆಯನಿಗೂ ನಷ್ಟವಿಲ್ಲ, ಮಕ್ಕಳಿಗೂ ಜಾಗ ಉಳಿಯುತ್ತದೆ.

ಮೂರನೆಯದು, ಊರಿನ ವಿವಾದದಲ್ಲಿ ಸಮಾಜದ ಹೆಸರಿನಲ್ಲಿ ಸಾಮೂಹಿಕ ಸಹಿ ಹಾಕುವ ಪದ್ಧತಿಯನ್ನು ನಿಲ್ಲಿಸೋಣ. ವ್ಯಾಪಾರಿಯಾಗಿ ಸಹಿ ಹಾಕುವವನು ವ್ಯಾಪಾರಿಯಾಗಿಯೇ ಹಾಕಲಿ. ಜಿನನ ಹೆಸರು ಹೇಳಿಕೊಳ್ಳುವ ಸಂಘ ಸಹಿ ಹಾಕುವುದಾದರೆ, ಎದುರು ಪಕ್ಷದವರನ್ನು ಕರೆದು ಕೂರಿಸಿ ಅವರ ಮಾತನ್ನು ಕೇಳಿದ ಮೇಲೆ ಹಾಕಲಿ.

ಆ ಊರಿನ ಹಿಂಬದಿಯ ವಸತಿಯವರನ್ನು ಅಂದು ನಾನು ಒಮ್ಮೆಯೂ ಭೇಟಿಯಾಗಲಿಲ್ಲ. ಅವರ ಆಕ್ಷೇಪಣೆಯ ಪತ್ರ ನನ್ನ ಕಡತದಲ್ಲಿಯೇ ಇತ್ತು, ಓದಲಿಲ್ಲ. ಈ ಭಾಷಣಕ್ಕೆ ಸಿದ್ಧನಾಗುವಾಗ ತೆಗೆದು ಓದಿದೆ. ಎರಡೇ ಸಾಲಿನ ಪತ್ರ. ರಸ್ತೆ ಬೇಡವೆಂದು ಅವರು ಎಲ್ಲಿಯೂ ಬರೆದಿರಲಿಲ್ಲ, ಸ್ವಲ್ಪ ಬಳಸಿಕೊಂಡು ಹೋಗಲಿ ಎಂದಷ್ಟೇ ಕೇಳಿದ್ದರು.