ಚರ್ಮದ ದೂರು, ಕೈಯ ದೂರು



ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಹಗಲೆಲ್ಲ ಹೊಲದಲ್ಲಿ ದುಡಿದು, ಇರುಳು ಭಜನೆಗೆ ತಬಲಾ ನುಡಿಸುವ ತರುಣರನ್ನು ನಾನು ಬಹುಕಾಲದಿಂದ ಬಲ್ಲೆ. ಅವರು ನನ್ನಲ್ಲಿ ತರುವ ಪ್ರಶ್ನೆ ಬಹುಮಟ್ಟಿಗೆ ಒಂದೇ: “ಸರ, ನಾದಾನ ಬರವಲ್ದು, ಸಾಲಾ ಮಾಡಿ ಹೊಸಾ ಜೋಡಿ ತರಲೇನ್ರೀ?”

ಹಣ ತೆರುವ ಮುನ್ನ ಕಾರಣವನ್ನು ಅರಿಯಬೇಕು. ಮಳೆಗಾಲದ ತೇವಕ್ಕೆ ಚರ್ಮ ಸಡಿಲಗೊಂಡು ಶ್ರುತಿ ಇಳಿಯುತ್ತದೆ. ಬೇಸಗೆಯ ಒಣಹವೆಗೆ ಬಿಗಿದು ಏರುತ್ತದೆ. ಗಟ್ಟೆಗಳನ್ನು ಸುತ್ತಿಗೆಯಿಂದ ಕೆಳಗಿಳಿಸಿದರೆ ಬಿಗಿ ಮರಳಿ ಬರುತ್ತದೆ. ಆದರೆ ಬಾಯಿ ಅಗಲವಾದ ತಬಲಾವನ್ನು ಎತ್ತರದ ಶ್ರುತಿಗೆ ಬಡಿದೇರಿಸ ಹೊರಟರೆ ಚರ್ಮವೇ ಹರಿದೀತು. ಅಂಥ ಹಾಡಿಕೆಗೆ ಕಿರಿಬಾಯಿಯದೇ ಬೇಕು.

ಇಷ್ಟಾದರೂ ನಾದ ಹೊಮ್ಮದಿದ್ದರೆ ಅದು ಕೈಯ ದೂರು. ಅದಕ್ಕೆ ಅಂಗಡಿಯಲ್ಲಿ ಮದ್ದಿಲ್ಲ. ತೀನತಾಲದ 16 ಮಾತ್ರೆಗಳನ್ನು ವಿಲಂಬದಲ್ಲಿ, ಒಂದೊಂದು ಬೋಲೂ ಬಿಡಿಯಾಗಿ ಕೇಳುವಂತೆ ನುಡಿಸಬೇಕು. ಮನೆಯವರು ಮಲಗಿದ್ದರೆ ಬೋಲುಗಳನ್ನು ಮೆಲ್ಲಗೆ ಬಾಯಲ್ಲಿ ಹೇಳುತ್ತ ತೊಡೆಯ ಮೇಲೆ ಬೆರಳಾಡಿಸಬಹುದು.

ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ, ತಾವೇ ಅಂಧರಾಗಿದ್ದ ಪುಟ್ಟರಾಜ ಗವಾಯಿಗಳು (1914–2010) ಅಂಧ ಮಕ್ಕಳಿಗೆ ಸಂಗೀತವನ್ನು ಕಲಿಸಿದರು. ಅಲ್ಲಿ ಕಿವಿಯೇ ಕಣ್ಣಾಯಿತು. ನಮ್ಮ ತರುಣರೂ ಮೊದಲು ಕಿವಿಯನ್ನು ಪಳಗಿಸಲಿ. ಸಾಲದ ಹೊಸ ಜೋಡಿಯೂ ಬರುವ ಮಳೆಗಾಲಕ್ಕೆ ಶ್ರುತಿ ಇಳಿಯುವಂಥದೇ. ಪಳಗಿದ ಕಿವಿ ಇಳಿಯುವುದಿಲ್ಲ.