ಬಳಸುವವರೇ ಆರಿಸುವ ಹುಡುಕು ತಾಣಗಳು

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಅಂತರ್ಜಾಲದಲ್ಲಿ ಬೇಕಾದ ವಿಷಯವನ್ನು ಯಂತ್ರವೇ ಹುಡುಕಿ ಕೊಡಬೇಕೆ, ಬಳಸುವವರೇ ಆರಿಸಿ ಇಡಬಾರದೆ? ಈ ಯೋಚನೆಯಿಂದ ಅಮೆರಿಕದಲ್ಲಿ ಕೆಲವು ತಾಣಗಳು ಹುಟ್ಟಿದ್ದವು. 2003ರ ಡೆಲಿಷಿಯಸ್‌ನಲ್ಲಿ ಒಬ್ಬರು ತಮಗೆ ಉಪಯೋಗವಾದ ಪುಟಕ್ಕೆ ಹೆಸರಿನ ಚೀಟಿ ಹಚ್ಚಿಟ್ಟರೆ ಅದು ಇತರರಿಗೂ ಸಿಗುತ್ತಿತ್ತು. ಬೀಜದ ಚೀಲಕ್ಕೆ ತಳಿಯ ಹೆಸರು ಬರೆದು ಕಟ್ಟಿದಂತೆ. ನನ್ನ ಮಟ್ಟಿಗೆ ಇದೇ ಮೇಲು. ಚೀಟಿ ಬರೆದವರು ತಮ್ಮ ಬಳಕೆಗೆಂದೇ ಬರೆದದ್ದು, ಮೆಚ್ಚುಗೆಗಲ್ಲ. 2004ರ ಡಿಗ್‌ನಲ್ಲಿ ಹೆಚ್ಚು ಮತ ಬಿದ್ದ ಸುದ್ದಿ ಮೊದಲ ಪುಟಕ್ಕೆ ಏರುತ್ತಿತ್ತು. ಕೂಡಿಕೊಂಡು ಮತ ಹಾಕುವ ಗುಂಪುಗಳೂ ಹುಟ್ಟಿಕೊಂಡವು. ವಿಕಿಪೀಡಿಯದ ಜಿಮ್ಮಿ ವೇಲ್ಸ್ 2008ರಲ್ಲಿ ತೆರೆದ ವಿಕಿಯಾ ಸರ್ಚ್, ನಿರೀಕ್ಷಿಸಿದಷ್ಟು ಜನ ಬಾರದೆ 2009ರಲ್ಲಿ ಮುಚ್ಚಿತು.

ಈಗ ತಾವು ಮೊಬೈಲಿನಲ್ಲಿ ನೋಡುವ ಕೃಷಿ ವಿಡಿಯೋಗಳಿಗೂ ಮೆಚ್ಚುಗೆಯ ಲೆಕ್ಕವಿದೆ. ಸಾವಿರ ಮಂದಿ ಮೆಚ್ಚಿದರೆಂದು ಔಷಧಿ ಕೊಳ್ಳಬೇಡಿ. ಅವರಲ್ಲಿ ಸಿಂಪಡಿಸಿ ನೋಡಿದವರೆಷ್ಟು ಎಂಬುದು ಆ ಲೆಕ್ಕದಲ್ಲಿ ಇರುವುದಿಲ್ಲ. ಯಾವ ಊರು, ಎಂಥ ಮಣ್ಣು, ಯಾವ ತಳಿ, ಎಷ್ಟು ನೀರಿಗೆ ಎಷ್ಟು ಔಷಧಿ ಎಂದು ಹೇಳಿದ್ದಾರೆಯೇ ನೋಡಿ. ಹೇಳದಿದ್ದರೆ ರೋಗ ತಗುಲಿದ ಎಲೆಗಳನ್ನು ಕಾಗದದಲ್ಲಿ ಸುತ್ತಿಕೊಂಡು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ತೋರಿಸಿ.