ಗುಟ್ಟು ಹುಡುಕುವವನಿಗೆ ಯಾವ ಪರವಾನಗಿ?

ಹೆಣ್ಣು ಕೊಡುವ ಮುನ್ನ ಗಂಡಿನ ಮನೆತನವನ್ನು ವಿಚಾರಿಸುವುದು ನಮ್ಮ ಮಂಡ್ಯ ಸೀಮೆಯ ಹಳೆಯ ವಾಡಿಕೆ. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲೋ ಮಳವಳ್ಳಿಯ ಬಸ್ ನಿಲ್ದಾಣದಲ್ಲೋ ಗುರುತಿನವರೊಬ್ಬರು ಸಿಕ್ಕರೆ ಸಾಕು, ಹುಡುಗನ ಜಮೀನು, ಸಾಲ, ಕುಡಿತ ಎಲ್ಲವೂ ಕಿವಿಗೆ ಬೀಳುತ್ತಿದ್ದವು. ಹೇಳಿದಾತ ಸುಳ್ಳಾಡಿದ್ದರೆ ಮರುದಿನ ಅಲ್ಲಿಯೇ ಮುಖ ತೋರಿಸಬೇಕಾಗಿತ್ತು. ಅವನ ನಾಲಗೆಯನ್ನು ಹದ್ದುಬಸ್ತಿನಲ್ಲಿಟ್ಟದ್ದು ಆ ಅಂಜಿಕೆಯೇ. ಈಗ ಹುಡುಗ ಬೆಂಗಳೂರಿನಲ್ಲಿರುತ್ತಾನೆ. ವಿಚಾರಣೆಯನ್ನು ಖಾಸಗಿ ಪತ್ತೇದಾರರು ಹಣಕ್ಕೆ ನಡೆಸಿಕೊಡುತ್ತಾರೆ.

ಅವರಿಗೆ ಯಾರ ಅಂಜಿಕೆ? ಮಂಡ್ಯದ ಬ್ಯಾಂಕೊಂದರ ಬಾಗಿಲಿಗೆ ಕಾವಲುಗಾರನನ್ನು ಒದಗಿಸುವ ಖಾಸಗಿ ಸಂಸ್ಥೆಗೆ 2005ರ ಕಾಯಿದೆಯಂತೆ ಪರವಾನಗಿ ಬೇಕು. ಮನೆಯೊಳಗಿನ ಗುಟ್ಟು ಹುಡುಕುವವನಿಗೆ ಅಂಥದೊಂದು ಕಾಯಿದೆಯೇ ಇಲ್ಲ. 2007ರಲ್ಲಿ ರಾಜ್ಯಸಭೆಗೆ ಬಂದ ಮಸೂದೆ 2020ರಲ್ಲಿ ವಾಪಸಾಯಿತು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, 2017ರಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದರು. ದೊಡ್ಡ ಮಾತು. ದೂರವಾಣಿಯ ದಾಖಲೆ ಕದ್ದವನನ್ನು ಪೊಲೀಸರು ಹಿಡಿಯಬಹುದು, ಅದೂ ನಿಜ. ಆದರೆ ತಪ್ಪು ವರದಿಯಿಂದ ಸಂಬಂಧ ಮುರಿದ ಹುಡುಗಿ ಯಾರ ಪರವಾನಗಿಯನ್ನು ರದ್ದು ಮಾಡಿಸಬೇಕು? ಆ ವರದಿ ಅವಳ ಕಣ್ಣಿಗೆ ಬೀಳುವುದೇ ಅಪರೂಪ. ಮಸೂದೆ ಮತ್ತೆ ಬರುವುದಾದರೆ, ಬರೆದವನ ಹೆಸರೂ ಪರವಾನಗಿಯ ಸಂಖ್ಯೆಯೂ ವರದಿಯ ಮೇಲಿರಬೇಕೆಂಬ ಒಂದು ವಿಧಿಯನ್ನಾದರೂ ನಾನು ಕೇಳುತ್ತೇನೆ.